ಎರಡನೆಯ ಶಿಖರ

ಬೇ ಏರಿಯಾದ ಕನ್ನಡಿಗರಿಗೆ ಮೌಂಟ್ ಡಯಾಬ್ಲೊ ಹೊಸದೇನಲ್ಲ. 680 ಹೆದ್ದಾರಿಯಲ್ಲಿ ಹೋಗುವಾಗ ದೂರದಿಂದಲೇ ಕಾಣುವ ಈ ಬೆಟ್ಟಕ್ಕೆ ಎರಡು ತಲೆ: ಮುಖ್ಯ ಶಿಖರ 3,849 ಅಡಿ, ಪಕ್ಕದ ನಾರ್ತ್ ಪೀಕ್ 3,557 ಅಡಿ. ಸ್ಪ್ಯಾನಿಷ್‌ನಲ್ಲಿ ಡಯಾಬ್ಲೊ ಎಂದರೆ ಸೈತಾನ. ಮುಖ್ಯ ಶಿಖರದವರೆಗೂ ಕಾರು ಹೋಗುವುದರಿಂದ, ಊರಿನಿಂದ ಬಂದ ಅಪ್ಪ ಅಮ್ಮಂದಿರನ್ನು ನೀವೂ ಅಲ್ಲಿಗೆ ಕರೆದೊಯ್ದಿರಬಹುದು. ನಡೆದು ಹತ್ತುವ ಅನುಭವವೇ ಬೇರೆ.

2019ರ ಅಕ್ಟೋಬರ್‌ನ ಒಂದು ಶನಿವಾರ, ಎರಡೂ ಶಿಖರಗಳನ್ನು ಒಂದೇ ದಿನ ಹತ್ತುವ ಹುಮ್ಮಸ್ಸಿನಲ್ಲಿ ನಾನೂ ನನ್ನಾಕೆಯೂ ಮಿಚೆಲ್ ಕ್ಯಾನಿಯನ್‌ನಿಂದ ಹೊರಟೆವು. ಚಿತ್ರಾನ್ನದ ಡಬ್ಬಿಯನ್ನು ಎರಡನೆಯ ಶಿಖರದಲ್ಲೇ ಬಿಚ್ಚುವುದೆಂದು ಒಪ್ಪಂದ. ಮರಗಳ ನೆರಳು ಮುಗಿದ ಮೇಲೆ ಒಣಹುಲ್ಲು, ಬಿಸಿಲು. ಅಂಗೈಯಗಲದ ಟರಾಂಟುಲಾ ಜೇಡವೊಂದು ದಾರಿಗೆ ಅಡ್ಡ ಬಂತು. ಈ ಕಾಲದಲ್ಲಿ ಗಂಡು ಜೇಡಗಳು ಹೆಣ್ಣನ್ನು ಹುಡುಕಿಕೊಂಡು ಓಡಾಡುತ್ತವೆ. ಮಧ್ಯಾಹ್ನದ ಹೊತ್ತಿಗೆ ಮುಖ್ಯ ಶಿಖರ ಮುಟ್ಟಿದೆವು. ಅಲ್ಲಿನ ಕಲ್ಲು ಕಟ್ಟಡದ ಗೋಡೆಗಳಲ್ಲಿ ಕಪ್ಪೆಚಿಪ್ಪಿನ ಪಳೆಯುಳಿಕೆಗಳಿವೆ. ಆ ಕಲ್ಲು ಹಿಂದೊಮ್ಮೆ ಸಮುದ್ರದ ತಳವಾಗಿತ್ತು!

ಎರಡು ಶಿಖರಗಳ ನಡುವಿನ ತಗ್ಗು ಪ್ರಾಸ್ಪೆಕ್ಟರ್ಸ್ ಗ್ಯಾಪ್. ಅಲ್ಲಿಂದ ನಾರ್ತ್ ಪೀಕ್‌ಗೆ ಜಾರುಕಲ್ಲಿನ ಕಡಿದಾದ ಏರು. ಸ್ವಲ್ಪ ಹತ್ತುವಷ್ಟರಲ್ಲಿ ಎದೆ ಹಿಂಡಿದಂತಾಯಿತು. ಕೂತರೆ ಕಡಿಮೆ, ಎದ್ದು ಹತ್ತಿದರೆ ಮತ್ತೆ ಶುರು.

"ಗ್ಯಾಸ್ ಇರಬೇಕು, ನಡಿ" ಎಂದೆ.

"ರೀ, ನಿಮ್ಮ ಪೇಷಂಟ್ ಹೀಗಂದಿದ್ರೆ ಸುಮ್ಮನಿರ್ತಿದ್ರಾ?" ಎಂದಳು.

ಉತ್ತರವಿರಲಿಲ್ಲ. ನಿಧಾನವಾಗಿ ಇಳಿದೆವು. ಅದೂ ತಪ್ಪೇ, ಅಲ್ಲಿಂದಲೇ 911ಕ್ಕೆ ಕರೆ ಮಾಡಬೇಕಿತ್ತು. ಸಂಜೆ ಆಸ್ಪತ್ರೆಯಲ್ಲಿ ನೋಡಿದರೆ ಹೃದಯದ ಒಂದು ರಕ್ತನಾಳ ಬಹುತೇಕ ಮುಚ್ಚಿತ್ತು. ಸ್ಟೆಂಟ್ ಹಾಕಿದರು. ಚಿತ್ರಾನ್ನ ಡಬ್ಬಿಯಲ್ಲೇ ಉಳಿಯಿತು.

ನಮ್ಮ ಭಾರತೀಯರಲ್ಲಿ ಹೃದ್ರೋಗ ಬೇರೆಯವರಿಗಿಂತ ಬೇಗ ಬರುತ್ತದೆ, ಸಣಕಲು ಮೈಯವರಿಗೂ ಬರುತ್ತದೆ. ಇದನ್ನು ನಾನೇ ಎಷ್ಟೋ ಜನರಿಗೆ ಹೇಳಿದ್ದೇನೆ. ನನ್ನ ಕೊಲೆಸ್ಟರಾಲ್ ಮಾತ್ರ ಐದು ವರ್ಷದಿಂದ ನೋಡಿಸಿರಲಿಲ್ಲ. ನಡೆಯುವಾಗ ಬಂದು ನಿಂತಾಗ ಹೋಗುವ ಎದೆಯ ಬಿಗಿತವನ್ನು ದಯವಿಟ್ಟು ಗ್ಯಾಸ್ ಎಂದು ತಳ್ಳಿಹಾಕಬೇಡಿ. ನಿಂತರೂ ಹೋಗದಿದ್ದರೆ ತಕ್ಷಣ 911.

2021ರ ವಸಂತದಲ್ಲಿ, ನನ್ನ ವೈದ್ಯರ ಒಪ್ಪಿಗೆ ಪಡೆದು, ಮತ್ತೆ ಹೋದೆವು. ಈ ಸಲ ನಾರ್ತ್ ಪೀಕ್ ಒಂದೇ. ಹತ್ತು ನಿಮಿಷಕ್ಕೊಮ್ಮೆ ನಿಂತು, ಹೂ ನೋಡುತ್ತ, ಆಮೆಯ ಹಾಗೆ ಹತ್ತಿದೆವು. ತುದಿಯಲ್ಲಿ ಡಬ್ಬಿ ಬಿಚ್ಚಿದಾಗ ನನ್ನಾಕೆ ಹೇಳಿದ್ದು ಒಂದೇ ಮಾತು: "ಎಣ್ಣೆ ಕಮ್ಮಿ ಹಾಕಿದೀನಿ, ಸುಮ್ನೆ ತಿನ್ನಿ."