ಬೀಗ ಉಳಿಯಿತು, ಕೀಲಿ ಫಾರ್ಮ್ಯಾಟ್ ಆಯಿತು

ಲ್ಯಾಪ್‌ಟಾಪ್ ಸ್ವಲ್ಪ ತೆವಳಿದರೆ ಸಾಕು, ‘ವಿಂಡೋಸ್ ಹೊಸದಾಗಿ ಹಾಕಿಸಿಬಿಡು, ಡಿ ಡ್ರೈವಲ್ಲಿ ಇರೋದು ಎಲ್ಲೂ ಹೋಗಲ್ಲ’ ಎಂಬ ಸಲಹೆ ನಮ್ಮ ಕಾಲೇಜು ಕ್ಯಾಂಟೀನಿನಲ್ಲಿ ಪುಕ್ಕಟೆ ಸಿಗುತ್ತದೆ. ಮಾತು ಮುಕ್ಕಾಲು ಪಾಲು ನಿಜ. ಫೈಲುಗಳು ಹೋಗುವುದಿಲ್ಲ. ಆದರೆ ಕಣ್ಣೆದುರೇ ಇದ್ದೂ ತೆರೆಯದೇ ಹೋಗಬಹುದು ಎಂಬುದು ನನಗೆ ಗೊತ್ತಾದದ್ದು ಕಳೆದ ಬೇಸಿಗೆಯಲ್ಲಿ, ಪಕ್ಕದ ಮನೆಯ ಅಕ್ಕನಿಂದ.

ಅಕ್ಕ ಜಾನಪದದಲ್ಲಿ ಪಿಎಚ್.ಡಿ. ಮಾಡುತ್ತಿದ್ದಾರೆ. ಹಾಸನ, ಮಂಡ್ಯ ಕಡೆಯ ಹಳ್ಳಿಗಳನ್ನು ಎರಡು ವರ್ಷ ಬಸ್ಸಿನಲ್ಲೇ ಸುತ್ತಿ ಸೋಬಾನೆ ಪದ ಹಾಡುವ ಅಜ್ಜಿಯರನ್ನು ರೆಕಾರ್ಡ್ ಮಾಡಿಕೊಂಡಿದ್ದರು. ಹಾಡಿನ ನಡುನಡುವೆ ಅಜ್ಜಿಯರು ತಮ್ಮ ಸಂಸಾರದ ಕಷ್ಟಸುಖವನ್ನೂ ಹೇಳಿಕೊಂಡಿದ್ದರು. ‘ಇದು ಇನ್ನೊಬ್ಬರ ಕಿವಿಗೆ ಬೀಳಬಾರದು ಕಣವ್ವ’ ಎಂದು ಮಾತೂ ತೆಗೆದುಕೊಂಡಿದ್ದರು. ಹಾಸ್ಟೆಲಿನಲ್ಲಿ ಅದೇ ಲ್ಯಾಪ್‌ಟಾಪನ್ನು ರೂಮ್‌ಮೇಟ್‌ಗಳೂ ಬೇರೆ ಲಾಗಿನ್‌ನಲ್ಲಿ ಬಳಸುತ್ತಿದ್ದರು. ಹಾಗಾಗಿ ಅಕ್ಕ ಆ ಫೋಲ್ಡರನ್ನು ಎನ್‌ಕ್ರಿಪ್ಟ್ ಮಾಡಿಟ್ಟಿದ್ದರು. ಒಟ್ಟು 62 ರೆಕಾರ್ಡಿಂಗ್. ಹಾಡಿದವರಲ್ಲಿ ಇಬ್ಬರು ಈಗ ಇಲ್ಲ.

ರಿಪೇರಿಗೆ ಕೊಟ್ಟ ಅಂಗಡಿಯವರು ಸಿ ಡ್ರೈವ್ ಫಾರ್ಮ್ಯಾಟ್ ಮಾಡಿ, ಹಳೇ ಹೆಸರು ಹಳೇ ಪಾಸ್‌ವರ್ಡನ್ನೇ ಹಾಕಿ ವಾಪಸ್ ಕೊಟ್ಟರು. ಫೋಲ್ಡರ್ ಇತ್ತು, ಫೈಲುಗಳಿದ್ದವು, ಪ್ರತಿ ಐಕಾನಿನ ಮೂಲೆಯಲ್ಲೂ ಪುಟ್ಟ ಬೀಗವಿತ್ತು. ಯಾವುದನ್ನು ಒತ್ತಿದರೂ ‘ಆಕ್ಸೆಸ್ ಡಿನೈಡ್’. ಅಂಗಡಿಗೆ ಫೋನ್ ಮಾಡಿದರೆ, ‘ಕರಪ್ಟ್ ಆಗಿವೆ ಮೇಡಂ, ಬಿಟ್ಬಿಡಿ’ ಎಂದರಂತೆ. ಅಕ್ಕ ಅತ್ತಿರಲಿಲ್ಲ, ಆದರೆ ಎರಡು ದಿನ ಊಟ ಸರಿಯಾಗಿ ಮಾಡಿರಲಿಲ್ಲ ಎಂದು ಅವರಮ್ಮ ಹೇಳಿದರು.

ಇಂಥ ಹೊತ್ತಿನಲ್ಲಿ ಎಲ್ಲರೂ ಮೊದಲು ಹೇಳುವುದು ‘ಟೇಕ್ ಓನರ್‌ಶಿಪ್ ಮಾಡಿ’ ಎಂದು. ಅದರಿಂದ ಸಿಗುವುದು ಅನುಮತಿ ಮಾತ್ರ. ಅನುಮತಿ ಎಂದರೆ ಬಾಗಿಲಲ್ಲಿ ನಿಂತ ಕಾವಲುಗಾರ, ಅವನನ್ನು ಬದಲಾಯಿಸಬಹುದು. ಎನ್‌ಕ್ರಿಪ್ಷನ್ ಹಾಗಲ್ಲ, ಒಳಗಿನ ಅಕ್ಷರಗಳೇ ಕಲಸಿಹೋಗಿರುತ್ತವೆ. ಲಿನಕ್ಸ್ ಪೆನ್‌ಡ್ರೈವ್ ಹಾಕಿ ಬೂಟ್ ಮಾಡಿದರೂ ಕಾಣುವುದು ಆ ಕಲಸುಮೇಲೋಗರವೇ.

ವಿಂಡೋಸ್ 2000ದಿಂದ ಇರುವ ಈ ವ್ಯವಸ್ಥೆಯ ಹೆಸರು ಎನ್‌ಕ್ರಿಪ್ಟಿಂಗ್ ಫೈಲ್ ಸಿಸ್ಟಮ್, ಅಂದರೆ ಇಎಫ್‌ಎಸ್. ಪ್ರತಿ ಫೈಲಿಗೂ ಒಂದೊಂದು ಕೀಲಿ. ಆ ಕೀಲಿಯನ್ನು ಬಳಕೆದಾರರ ಸರ್ಟಿಫಿಕೇಟಿನಿಂದ ಮುಚ್ಚಿ ಫೈಲಿನ ಜೊತೆಗೇ ಇಟ್ಟಿರುತ್ತದೆ. ಅದನ್ನು ಬಿಚ್ಚುವ ಖಾಸಗಿ ಕೀಲಿ ಮಾತ್ರ ಸಿ ಡ್ರೈವಿನಲ್ಲಿ, ಬಳಕೆದಾರರ ಆ್ಯಪ್‌ಡೇಟಾ ಫೋಲ್ಡರಿನಲ್ಲಿ, ಲಾಗಿನ್ ಪಾಸ್‌ವರ್ಡಿನ ರಕ್ಷಣೆಯಲ್ಲಿರುತ್ತದೆ. ಅದೇ ಹೆಸರು, ಅದೇ ಪಾಸ್‌ವರ್ಡ್ ಕೊಟ್ಟರೂ ಹೊಸ ವಿಂಡೋಸಿನ ಲೆಕ್ಕದಲ್ಲಿ ನೀವು ಬೇರೆಯೇ ವ್ಯಕ್ತಿ. ಒಂದೇ ಹೆಸರಿನ ಇಬ್ಬರಿಗೆ ಬೇರೆ ಬೇರೆ ರಿಜಿಸ್ಟರ್ ನಂಬರ್ ಇದ್ದ ಹಾಗೆ.

ಫಾರ್ಮ್ಯಾಟ್ ಮಾಡದೆ ಹಳೆಯದರ ಮೇಲೇ ವಿಂಡೋಸ್ ಹಾಕಿದ್ದರೆ ‘ವಿಂಡೋಸ್ ಡಾಟ್ ಓಲ್ಡ್’ ಎಂಬ ಫೋಲ್ಡರಿನಲ್ಲಿ ಹಳೆಯ ಕೀಲಿಗಳು ಉಳಿದಿರುತ್ತವೆ. ಹಳೆಯ ಪಾಸ್‌ವರ್ಡ್ ನೆನಪಿದ್ದರೆ ಅವನ್ನು ಬಿಡಿಸುವ ತಂತ್ರಾಂಶಗಳೂ ಇವೆ. ಆದರೆ ವಿಂಡೋಸ್ 10 ಮತ್ತು 11ರಲ್ಲಿ ಆ ಫೋಲ್ಡರ್ ಸಾಮಾನ್ಯವಾಗಿ 10 ದಿನದಲ್ಲಿ ತಾನಾಗಿಯೇ ಅಳಿಸಿಹೋಗುತ್ತದೆ, ಮೊದಲೇ ಬೇರೆಡೆ ನಕಲು ಮಾಡಿಟ್ಟುಕೊಳ್ಳಬೇಕು. ಅಕ್ಕನ ಲ್ಯಾಪ್‌ಟಾಪಿನಲ್ಲಿ ಅದೂ ಇರಲಿಲ್ಲ.

ಕಮಾಂಡ್ ಪ್ರಾಂಪ್ಟ್ ತೆರೆದು ಸೈಫರ್ ಕಮಾಂಡನ್ನು ಸಿ ಎಂಬ ಸ್ವಿಚ್ ಜೊತೆ ಒಂದು ಫೈಲಿನ ಮೇಲೆ ಓಡಿಸಿದೆ. ಯಾರ ಸರ್ಟಿಫಿಕೇಟಿನಿಂದ ಈ ಫೈಲ್ ತೆರೆಯುತ್ತದೆ ಎಂದು ಅದು ಹೇಳುತ್ತದೆ. ಅಕ್ಕನ ಹಳೆಯ ಬಳಕೆದಾರ ಹೆಸರು, ಜೊತೆಗೆ 40 ಅಂಕೆ-ಅಕ್ಷರಗಳ ಥಂಬ್‌ಪ್ರಿಂಟ್ ಬಂತು. ಫೈಲ್ ಕರಪ್ಟ್ ಆಗಿಲ್ಲ ಎಂದು ಧೈರ್ಯ ಬಂದದ್ದು ಆಗಲೇ.

‘ಅಕ್ಕಾ, ಎನ್‌ಕ್ರಿಪ್ಟ್ ಮಾಡಿದ ದಿನ ಮೂಲೆಯಲ್ಲಿ ಕೀ ಬ್ಯಾಕಪ್ ಮಾಡಿ ಅಂತ ಏನಾದ್ರೂ ಬಂದಿತ್ತಾ?’ ಎಂದು ಕೇಳಿದೆ.

‘ಬಂದಿತ್ತು ಕಣೋ. ಅದು ಹೇಳ್ದಂಗೆ ಒತ್ಕೊಂಡು ಹೋದೆ. ಏನೋ ಒಂದು ಫೈಲ್ ಪೆನ್‌ಡ್ರೈವಿಗೆ ಹೋಯ್ತು.’

ನಮ್ಮಲ್ಲಿ ಎಷ್ಟು ಜನ ಆ ನೋಟಿಫಿಕೇಶನ್ನನ್ನು ಓದುತ್ತೇವೆ? ಗುಣಿಸು ಚಿಹ್ನೆ ಒತ್ತಿ ಮುಂದೆ ಹೋಗುತ್ತೇವೆ. ಅಕ್ಕ ಓದಿದ್ದರು. ಪೆನ್‌ಡ್ರೈವ್ ರೆಕಾರ್ಡರಿನ ಚೀಲದಲ್ಲಿ ಸಿಕ್ಕಿತು. ಅದರಲ್ಲಿ ಪಿಎಫ್‌ಎಕ್ಸ್ ಎಂದು ಕೊನೆಯಾಗುವ ಒಂದು ಸಣ್ಣ ಫೈಲ್. ಅದಕ್ಕೂ ಪಾಸ್‌ವರ್ಡ್ ಬೇಕು. ಅದನ್ನು ಅಂದಿನ ಕ್ಷೇತ್ರಕಾರ್ಯದ ಡೈರಿಯಲ್ಲಿ, ಬಸ್ ಹೊರಡುವ ಸಮಯದ ಕೆಳಗೆ ಬರೆದಿಟ್ಟಿದ್ದರು. ಡೈರಿ ಬರೆಯುವವರನ್ನು ನಾನು ಆಡಿಕೊಳ್ಳುತ್ತಿದ್ದೆ, ಈಗಿಲ್ಲ.

ಡಬಲ್ ಕ್ಲಿಕ್ ಮಾಡಿ, ಪಾಸ್‌ವರ್ಡ್ ಕೊಟ್ಟು, ಸರ್ಟಿಫಿಕೇಟನ್ನು ಇಂಪೋರ್ಟ್ ಮಾಡಿದೆ. ಥಂಬ್‌ಪ್ರಿಂಟ್ ತಾಳೆಯಾಯಿತು. ಮೊದಲ ಫೈಲ್ ಒತ್ತಿದಾಗ ಕೇಳಿಸಿದ್ದು ಹಾಡಲ್ಲ, ಯಾರೋ ಅಜ್ಜಿ ಗಂಟಲು ಸರಿಮಾಡಿಕೊಂಡು ‘ಆನ್ ಆಯ್ತೇನವ್ವ?’ ಎಂದು ಕೇಳುವ ದನಿ. ಅಕ್ಕ ಲ್ಯಾಪ್‌ಟಾಪ್ ಎತ್ತಿಕೊಂಡು ಒಳಗೆ ಹೋಗಿಬಿಟ್ಟರು. ಮಾತು ಕೊಟ್ಟಿದ್ದರಲ್ಲ.

ಬಿಟ್‌ಲಾಕರ್ ಕಥೆ ಇದಕ್ಕಿಂತ ಬೇರೆ. ಅದು ಇಡೀ ಡ್ರೈವಿಗೆ ಹಾಕುವ ಬೀಗ, 48 ಅಂಕೆಗಳ ರಿಕವರಿ ಕೀ ಕೇಳುತ್ತದೆ. ಹಲವರಿಗೆ ಅದು ತಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲೇ ಸಿಗುತ್ತದೆ. ಇಎಫ್‌ಎಸ್‌ನಲ್ಲಿ ಮನೆಯ ಕಂಪ್ಯೂಟರಿಗೆ ಅಂಥ ಅನುಕೂಲವಿಲ್ಲ, ಕೀಲಿಯ ನಕಲು ಎಲ್ಲೂ ಇಲ್ಲದಿದ್ದರೆ ಯಾವ ಅಂಗಡಿಯವರೂ ತೆಗೆದುಕೊಡಲಾರರು. ‘ಗ್ಯಾರಂಟಿ ತೆಗೆದುಕೊಡ್ತೀವಿ’ ಎಂದು ಮುಂಗಡ ಕೇಳುವವರಿಗೆ ದುಡ್ಡು ಕೊಡಬೇಡಿ.

ಈಗ ಯಾರಾದರೂ ವಿಂಡೋಸ್ ಹಾಕಿಕೊಡು ಎಂದು ಲ್ಯಾಪ್‌ಟಾಪ್ ತಂದರೆ, ಮೊದಲು ಸೈಫರ್ ಕಮಾಂಡನ್ನು ಯು, ಎನ್ ಎಂಬ ಎರಡು ಸ್ವಿಚ್ ಹಾಕಿ ಓಡಿಸುತ್ತೇನೆ. ಎನ್‌ಕ್ರಿಪ್ಟ್ ಆದ ಫೈಲುಗಳ ಪಟ್ಟಿ ಬರುತ್ತದೆ. ಕಳೆದ ವಾರ ಜೂನಿಯರ್ ಒಬ್ಬನ ಲ್ಯಾಪ್‌ಟಾಪಿನಲ್ಲಿ ಹೀಗೆ ಎರಡು ಫೈಲು ಸಿಕ್ಕವು. ಒಂದು ಅವನ ಇಂಟರ್ನ್‌ಶಿಪ್ ವರದಿ. ಬೀಗ ಹಾಕಿದ್ದೇ ಅವನಿಗೆ ನೆನಪಿರಲಿಲ್ಲ.