ಶುಶ್ರೂಷಾ ಪಾಠಗಳ ಹಕ್ಕು: ಕೆಲವು ಭ್ರಮೆಗಳು

ಕಡೂರು, ತರೀಕೆರೆ, ಅಜ್ಜಂಪುರಗಳಿಂದ ರೈಲು ಹತ್ತಿ ಶಿವಮೊಗ್ಗಕ್ಕೋ ದಾವಣಗೆರೆಗೋ ಹೋಗಿ ನರ್ಸಿಂಗ್ ವ್ಯಾಸಂಗ ಮಾಡುವ ತರುಣ ತರುಣಿಯರ ಗ್ರಂಥಭಂಡಾರವು ಇಂದು ಬಹುಮಟ್ಟಿಗೆ ಮೊಬೈಲಿನಲ್ಲಿಯೇ ಅಡಕವಾಗಿರುವುದರಿಂದ, ಅಂತರ್ಜಾಲದಲ್ಲಿ ಬಿಟ್ಟಿಯಾಗಿ ದೊರೆತ ಪಾಠವೆಲ್ಲ ಸರ್ವರ ಸ್ವತ್ತೆಂಬ ನಂಬುಗೆ ಅವರಲ್ಲಿ ಬೇರೂರಿದ್ದರೆ ಅಚ್ಚರಿಯಿಲ್ಲ. ಸಹಜವಾದರೂ ಅದು ಸತ್ಯವಲ್ಲ. ನೆರೆಯವನ ಬಾವಿಯ ನೀರನ್ನು ಸೇದಿ ಕುಡಿಯಲು ಅಡ್ಡಿಯಿಲ್ಲವೆಂದ ಮಾತ್ರಕ್ಕೆ ಟ್ಯಾಂಕರಿಗೆ ತುಂಬಿಸಿ ಊರೂರಿಗೆ ಒಯ್ಯಬಹುದೆಂದು ಅರ್ಥವಾದೀತೆ? 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಹಕ್ಕು ಹುಟ್ಟುವುದಕ್ಕೆ ನೋಂದಣಿಯೂ ಬೇಡ, ಎಚ್ಚರಿಕೆಯ ಮುದ್ರೆಯೂ ಬೇಡ. ಬರೆದಾಗಲೇ ಹುಟ್ಟಿದ ಅದು ಕರ್ತೃವಿನ ಮರಣಾನಂತರವೂ 60 ವರ್ಷ ಬಾಳುತ್ತದೆ. 1910ರಲ್ಲಿ ತೀರಿಕೊಂಡ ಫ್ಲಾರೆನ್ಸ್ ನೈಟಿಂಗೇಲರು ಜೀವಿತಕಾಲದಲ್ಲಿ ಪ್ರಕಟಿಸಿದ ಬರಹಗಳನ್ನು ಈಗ ಯಾರಾದರೂ ಅಚ್ಚುಹಾಕಬಹುದು. ನಿನ್ನೆ ಮೊನ್ನೆ ಬಂದ ಪಠ್ಯಪುಸ್ತಕವನ್ನಲ್ಲ.

ಒಂದೆರಡು ಪುಟ ಜೆರಾಕ್ಸ್ ಮಾಡಿಸಿದರೂ ಅಪರಾಧವೆಂಬ ಭಯವಾದರೋ ಅಷ್ಟೇ ನಿರಾಧಾರವಾದದ್ದು. ಬೋಧನೆಯ ಸಂದರ್ಭದಲ್ಲಿ ಅಧ್ಯಾಪಕರೂ ವಿದ್ಯಾರ್ಥಿಗಳೂ ಮಾಡಿಕೊಳ್ಳುವ ಪ್ರತಿಗೆ ಅದೇ ಕಾಯಿದೆಯ 52ನೆಯ ಕಲಮು ವಿನಾಯಿತಿ ಕೊಟ್ಟಿದೆ. ದೆಹಲಿ ವಿಶ್ವವಿದ್ಯಾನಿಲಯದ ಆವರಣದ ಜೆರಾಕ್ಸ್ ಅಂಗಡಿಯ ಮೇಲೆ ಪ್ರಕಾಶಕರು ಹೂಡಿದ್ದ ವ್ಯಾಜ್ಯದಲ್ಲಿ ಅಲ್ಲಿನ ಉಚ್ಚ ನ್ಯಾಯಾಲಯವು 2016ರಲ್ಲಿ ಈ ವಿನಾಯಿತಿಯನ್ನು ಉದಾರವಾಗಿಯೇ ಅರ್ಥೈಸಿತು. ಆದರೆ ಇಡೀ ಪುಸ್ತಕವನ್ನು ಊರವರೆಲ್ಲ ಇರುವ ವಾಟ್ಸಾಪ್ ಗುಂಪಿಗೆ ಹರಿಯಬಿಟ್ಟು ಬೋಧನೆಯ ಹೆಸರು ಹೇಳುವುದು, ನನಗೆ ತೋರಿದಂತೆ, ಬರಿಯ ಜಾಣತನ.

ಮುಕ್ತ ಪರವಾನಗಿಯೆಂದರೆ ಕರ್ತೃವು ಹಕ್ಕನ್ನೇ ತೊರೆದನೆಂದು ತಿಳಿಯುವವರು ಬಹಳ. 2002ರಿಂದ ಬಳಕೆಯಲ್ಲಿರುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳಲ್ಲಿ ಹಕ್ಕು ಕರ್ತೃವಿನಲ್ಲಿಯೇ ಉಳಿದು, ಅನುಮತಿ ಮಾತ್ರ ಷರತ್ತಿನೊಡನೆ ಲೋಕಕ್ಕೆ ಸಲ್ಲುತ್ತದೆ. ಮೈಸೂರು ವಿಶ್ವವಿದ್ಯಾನಿಲಯವು 2014ರಲ್ಲಿ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಬಿಟ್ಟುಕೊಟ್ಟದ್ದು ಇಂತಹ ಪರವಾನಗಿಯಡಿಯಲ್ಲಿಯೇ. ಹೆಸರು ಹೇಳಿ, ಅದೇ ಷರತ್ತಿನಲ್ಲಿ ಯಾರಾದರೂ ಅದನ್ನು ತಿದ್ದಿ ಬೆಳೆಸಬಹುದು. ಎಲ್ಲ ಪರವಾನಗಿಗಳೂ ಇಷ್ಟು ಧಾರಾಳವಲ್ಲ. ‘ರೂಪಾಂತರ ಕೂಡದು’ ಎಂಬ ಷರತ್ತುಳ್ಳ ಇಂಗ್ಲಿಷ್ ಪಾಠವನ್ನು, ಹಳ್ಳಿಯಿಂದ ಬಂದ ಮಕ್ಕಳಿಗೆ ತಿಳಿಯಲೆಂಬ ಸದುದ್ದೇಶದಿಂದಲೇ ಆದರೂ, ಕನ್ನಡಿಸಿ ಪ್ರಕಟಿಸುವಂತಿಲ್ಲ, ಅನುವಾದವೂ ರೂಪಾಂತರವೇ. ಕನ್ನಡದಲ್ಲಿ ಕಲಿಸಬಯಸುವವರು ಮೊದಲು ನೋಡಬೇಕಾದದ್ದು ಈ ಒಂದು ಸಾಲನ್ನು.

ತಾವು ಬರೆದದ್ದೆಲ್ಲ ತಮ್ಮದೇ ಎಂಬುದು ಇನ್ನೊಂದು ಭ್ರಮೆ. ಅಧ್ಯಾಪಕರು ಉದ್ಯೋಗದ ಅಂಗವಾಗಿ ಸಿದ್ಧಪಡಿಸಿದ ನೋಟ್ಸ್, ಬೇರೆ ಒಪ್ಪಂದವಿಲ್ಲದಿದ್ದರೆ, ಸಾಮಾನ್ಯವಾಗಿ ಸಂಸ್ಥೆಯದೇ.

ಇನ್ನು ಪಾಠದ ನಡುವಣ ಗಾಯದ ಚಿತ್ರ. ಕೈಮೇಲಿನ ಹಚ್ಚೆಯಿಂದಲೇ ಮನುಷ್ಯನನ್ನು ಗುರುತಿಸಬಲ್ಲ ನಮ್ಮ ಊರುಗಳಲ್ಲಿ ಮುಖ ಮರೆಮಾಡಿದರೆ ಸಾಲದು. ಯಾವ ಪರವಾನಗಿಯೂ ರೋಗಿಯ ಸಮ್ಮತಿಯನ್ನು ಒಳಗೊಂಡಿರುವುದಿಲ್ಲ. ಅದನ್ನು ಮಂಚದ ಬಳಿ ನಿಂತು ಬೇರೆಯಾಗಿಯೇ ಕೇಳಬೇಕು.