ಬಾಡಿಗೆ ಕಟ್ಟಡಗಳ ವಿಮೆ: ಮಾಲೀಕರು ಮತ್ತು ವ್ಯವಸ್ಥಾಪಕರ ಜವಾಬ್ದಾರಿಗಳು

ಪೀಣ್ಯ ಕೈಗಾರಿಕಾ ಪ್ರದೇಶ ಹಾಗೂ ತುಮಕೂರು ರಸ್ತೆಯ ಕಾರ್ಖಾನೆ, ಗೋದಾಮುಗಳಲ್ಲಿ ದುಡಿಯುವ ಅನೇಕರು ಮಾದನಾಯಕನಹಳ್ಳಿ ಮತ್ತು ಸುತ್ತಮುತ್ತಲ ಗ್ರಾಮಗಳಲ್ಲಿ ಬಾಡಿಗೆ ಮನೆಗಳಲ್ಲಿ ವಾಸಿಸುತ್ತಾರೆ. ಬೇರೆಡೆ ನೆಲೆಸಿರುವ ಮಾಲೀಕರು ಬಾಡಿಗೆ ವಸೂಲಿ, ದುರಸ್ತಿ ಮತ್ತು ವಿಮೆ ನವೀಕರಣದ ಕೆಲಸಗಳನ್ನು ವ್ಯವಸ್ಥಾಪಕರಿಗೆ ವಹಿಸುವುದುಂಟು. ಅವಘಡ ಸಂಭವಿಸಿದಾಗ ನಷ್ಟವನ್ನು ಯಾರು ಭರಿಸತಕ್ಕದ್ದು ಎಂಬುದನ್ನು ಮೊದಲೇ ಲಿಖಿತವಾಗಿ ನಿರ್ಧರಿಸಿಕೊಳ್ಳುವುದು ಉಭಯತ್ರರಿಗೂ ಕ್ಷೇಮಕರ.

ಕಟ್ಟಡದ ವಿಮೆ ಯಾರ ಹೆಸರಿನಲ್ಲಿರಬೇಕು?

ಕಟ್ಟಡದ ವಿಮೆಯನ್ನು ಮಾಲೀಕರು ತಮ್ಮ ಹೆಸರಿನಲ್ಲಿಯೇ ಪಡೆಯತಕ್ಕದ್ದು. ವಾಸದ ಮನೆಗಳಿಗೆ 2021ರ ಏಪ್ರಿಲ್ 1ರಿಂದ 'ಭಾರತ್ ಗೃಹ ರಕ್ಷಾ' ಎಂಬ ಪ್ರಮಾಣಿತ ಪಾಲಿಸಿ ಜಾರಿಯಲ್ಲಿದೆ. ಬೆಂಕಿ, ಸ್ಫೋಟ, ಸಿಡಿಲು, ಪ್ರವಾಹ, ಭೂಕಂಪ ಮುಂತಾದವುಗಳಿಂದಾಗುವ ಹಾನಿ ಇದರ ವ್ಯಾಪ್ತಿಗೆ ಬರುತ್ತದೆ. ವಿಮಾ ಮೊತ್ತವನ್ನು ನಿರ್ಮಾಣ ವೆಚ್ಚದ ಆಧಾರದ ಮೇಲೆ ನಿಗದಿಪಡಿಸಲಾಗುತ್ತದೆ. ನಿವೇಶನದ ಬೆಲೆ ಅದರಲ್ಲಿ ಸೇರುವುದಿಲ್ಲ. ನೆಲಮಹಡಿಯಲ್ಲಿ ಅಂಗಡಿ ಅಥವಾ ವರ್ಕ್‌ಶಾಪ್ ಇದ್ದಲ್ಲಿ ಅದನ್ನು ಪ್ರಸ್ತಾವನೆ ನಮೂನೆಯಲ್ಲಿ ತಪ್ಪದೆ ನಮೂದಿಸತಕ್ಕದ್ದು. ಬಾಡಿಗೆದಾರರ ಗೃಹೋಪಯೋಗಿ ವಸ್ತುಗಳಿಗೆ ಮಾಲೀಕರ ಪಾಲಿಸಿ ಅನ್ವಯಿಸುವುದಿಲ್ಲ. ಅವರು ಪ್ರತ್ಯೇಕವಾಗಿ ವಿಮೆ ಪಡೆಯಬಹುದು.

ಪ್ರೀಮಿಯಂ ಪಾವತಿ

ವ್ಯವಸ್ಥಾಪಕರ ಕೈಗೆ ಹಣ ನೀಡಿದ ಮಾತ್ರಕ್ಕೆ ವಿಮೆ ಜಾರಿಗೆ ಬಂದಂತಾಗುವುದಿಲ್ಲ. 1938ರ ವಿಮಾ ಅಧಿನಿಯಮದ 64ವಿಬಿ ಪ್ರಕರಣದಂತೆ, ಪ್ರೀಮಿಯಂ ಮುಂಗಡವಾಗಿ ಸಂದಾಯವಾಗದ ಹೊರತು ವಿಮಾ ಕಂಪನಿಯು ಸಾಮಾನ್ಯವಾಗಿ ಹೊಣೆ ವಹಿಸಿಕೊಳ್ಳುವಂತಿಲ್ಲ. ಆದುದರಿಂದ ಮಾಲೀಕರು ಪ್ರೀಮಿಯಂ ಅನ್ನು ಕಂಪನಿಗೆ ನೇರವಾಗಿ ಪಾವತಿಸುವುದು, ರಸೀದಿ ಮತ್ತು ಪಾಲಿಸಿಯ ಪ್ರತಿಯನ್ನು ತಮ್ಮ ಬಳಿ ಇಟ್ಟುಕೊಳ್ಳುವುದು ಸೂಕ್ತ.

ವ್ಯವಸ್ಥಾಪಕರ ಹೊಣೆ

1872ರ ಭಾರತೀಯ ಕರಾರು ಅಧಿನಿಯಮದ 212ನೇ ಪ್ರಕರಣದನ್ವಯ, ಏಜೆಂಟರು ತಮ್ಮ ನಿರ್ಲಕ್ಷ್ಯದ ನೇರ ಪರಿಣಾಮವಾಗಿ ಉಂಟಾದ ನಷ್ಟವನ್ನು ಭರ್ತಿ ಮಾಡಿಕೊಡಬೇಕಾಗುತ್ತದೆ. 222ನೇ ಪ್ರಕರಣದನ್ವಯ, ಏಜೆಂಟರು ತಮಗೆ ವಹಿಸಿದ ಅಧಿಕಾರದ ಮಿತಿಯಲ್ಲಿ ನ್ಯಾಯಬದ್ಧವಾಗಿ ಮಾಡಿದ ಕಾರ್ಯಗಳಿಂದ ಅವರಿಗಾಗುವ ನಷ್ಟವನ್ನು ನೇಮಿಸಿಕೊಂಡವರು ತುಂಬಿಕೊಡಬೇಕಾಗುತ್ತದೆ. ಉದಾಹರಣೆಗೆ, ದೋಷಪೂರಿತ ವಿದ್ಯುತ್ ತಂತಿಯ ಬಗ್ಗೆ ದೂರು ಬಂದಿದ್ದರೂ ವ್ಯವಸ್ಥಾಪಕರು ದುರಸ್ತಿ ಮಾಡಿಸದೆ ಬೆಂಕಿ ಹೊತ್ತಿಕೊಂಡಲ್ಲಿ, ವಿಮಾ ಕಂಪನಿಯು ಮಾಲೀಕರಿಗೆ ಪರಿಹಾರ ನೀಡಿದ ತರುವಾಯ ಆ ಮೊತ್ತವನ್ನು ವ್ಯವಸ್ಥಾಪಕರಿಂದ ವಸೂಲು ಮಾಡಲು ಕ್ರಮ ಕೈಗೊಳ್ಳಬಹುದು. ಮಾಲೀಕರ ಪಾಲಿಸಿಯು ವ್ಯವಸ್ಥಾಪಕರನ್ನು ತಾನಾಗಿಯೇ ರಕ್ಷಿಸುವುದಿಲ್ಲ. ಅವರು ಹೊಣೆಗಾರಿಕೆ ವಿಮೆಯನ್ನು ಪ್ರತ್ಯೇಕವಾಗಿ ಪಡೆಯುವುದು ಒಳಿತು.

ಕರಾರು ಪತ್ರದಲ್ಲಿ ನಮೂದಿಸಬೇಕಾದ ಅಂಶಗಳು

1. ಪಾಲಿಸಿಯನ್ನು ನವೀಕರಿಸುವ ಹೊಣೆ ಯಾರದು ಮತ್ತು ಯಾವ ದಿನಾಂಕದೊಳಗೆ.
2. ಮಾಲೀಕರ ಅನುಮತಿಯಿಲ್ಲದೆ ದುರಸ್ತಿಗೆ ವೆಚ್ಚ ಮಾಡಬಹುದಾದ ಗರಿಷ್ಠ ಮೊತ್ತ.
3. ಅವಘಡದ ಮಾಹಿತಿಯನ್ನು ಮಾಲೀಕರು, ವಿಮಾ ಕಂಪನಿ ಮತ್ತು ಪೊಲೀಸ್ ಠಾಣೆಗೆ ತಿಳಿಸುವ ಹೊಣೆ.
4. ಕಾವಲುಗಾರ, ಸ್ವಚ್ಛತಾ ಸಿಬ್ಬಂದಿ ಗಾಯಗೊಂಡಲ್ಲಿ ಪರಿಹಾರ ನೀಡುವವರು ಯಾರು.

ದೂರು ಸಲ್ಲಿಸುವ ವಿಧಾನ

ಪರಿಹಾರ ನಿರಾಕರಿಸಲ್ಪಟ್ಟಲ್ಲಿ ಮೊದಲು ವಿಮಾ ಕಂಪನಿಗೆ ಲಿಖಿತ ದೂರು ಸಲ್ಲಿಸತಕ್ಕದ್ದು. ಒಂದು ತಿಂಗಳೊಳಗೆ ಉತ್ತರ ಬಾರದಿದ್ದಲ್ಲಿ ಅಥವಾ ಉತ್ತರ ಸಮಾಧಾನಕರವಲ್ಲದಿದ್ದಲ್ಲಿ, ವೈಯಕ್ತಿಕ ಪಾಲಿಸಿದಾರರು ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ದೂರು ಸಲ್ಲಿಸಬಹುದು. ಇದಕ್ಕೆ ಯಾವುದೇ ಶುಲ್ಕವಿರುವುದಿಲ್ಲ. ಮಾಲೀಕರು ಮತ್ತು ವ್ಯವಸ್ಥಾಪಕರ ನಡುವಿನ ವಿವಾದಗಳನ್ನು ಒಂಬುಡ್ಸ್‌ಮನ್ ವಿಚಾರಣೆ ಮಾಡುವುದಿಲ್ಲವಾದ್ದರಿಂದ, ಅಂತಹ ಸಂದರ್ಭದಲ್ಲಿ ಕರಾರು ಪತ್ರವೇ ಮುಖ್ಯ ಆಧಾರವಾಗಿರುತ್ತದೆ.